ಮೂರು ವರ್ಷದ ಮಗಳ ಜೊತೆ ಬಾದಾಮಿ, ಒಂದೇ ದಿನ ಸಾಕಾ?

ಪುಟ್ಟಿಯ ಅಮ್ಮ, ಬಾಗಲಕೋಟೆ:
ಈ ಭಾನುವಾರ ಮಗಳನ್ನು ಬಾದಾಮಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅಲ್ಲಿ ಮಂಗಗಳ ಕಾಟ ಜಾಸ್ತಿ ಅಲ್ವಾ, ಅದೇ ಭಯ. ಪಟ್ಟದಕಲ್ಲು, ಐಹೊಳೆನೂ ಅದೇ ದಿನ ಆಗುತ್ತಾ?

ಬಾದಾಮಿಯವ:
ಅಕ್ಕಾ, ಮೂರೂ ಬೇಡ, ಮಗು ಸುಸ್ತಾಗುತ್ತೆ. ಬಿಸಿಲು ಏರುವ ಮೊದಲೇ ಗುಹೆ ನೋಡಿ. ನಾಲ್ಕೂ ಹತ್ತಲೇಬೇಕು ಅಂತಿಲ್ಲ. ಮೊದಲನೇ ಗುಹೆ ಹೊರಗೇ 18 ಕೈಗಳ ನಟರಾಜ ಇದ್ದಾನೆ, ನಮ್ಮ ಮಗ ಒಂದೊಂದೇ ಕೈ ಎಣಿಸುತ್ತಾ ಹತ್ತಾದ ಮೇಲೆ ಮತ್ತೆ ಒಂದಕ್ಕೆ ಬರುತ್ತಿದ್ದ, ಅರ್ಧ ಗಂಟೆ ಅಲ್ಲೇ ಕಳೆಯಿತು. ಬಿಸ್ಕತ್ತು, ಪ್ಲಾಸ್ಟಿಕ್ ಚೀಲ ಮಾತ್ರ ಕೈಯಲ್ಲಿ ಹಿಡಿಯಬೇಡಿ, ಮಂಗ ಬರುವುದು ಅದಕ್ಕೇ.

ಎರಡು ಮಕ್ಕಳ ತಾಯಿ:
ಊಟಕ್ಕೆ ಬನಶಂಕರಿ. ಗುಡಿ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಕುಡಿಕೆ ಮೊಸರು ತಂದು ಕೊಡುತ್ತಾರೆ. ಮಗುವಿಗೆ ರೊಟ್ಟಿ ಮುರಿದು ಮೊಸರಲ್ಲಿ ನೆನೆಸಿ ಕೊಡಿ, ಚಟ್ನಿ ದೂರ ಇಡಿ. ಆಮೇಲೆ ಬೇಕಾದರೆ ಪಟ್ಟದಕಲ್ಲು. ಬಾದಾಮಿಯಿಂದ ಸುಮಾರು 22 ಕಿ.ಮೀ. ಗುಡಿಗಳ ಸುತ್ತ ಹುಲ್ಲು ಇದೆ, ಮಕ್ಕಳು ಓಡಾಡಬಹುದು.

ಪುಟ್ಟಿಯ ಅಮ್ಮ:
ತುಂಬಾ ಥ್ಯಾಂಕ್ಸ್! ಐಹೊಳೆ ಇನ್ನೊಂದು ಸಲ ನೋಡ್ತೀವಿ. ಇವತ್ತೇ ಅವಳಿಗೆ 18ರ ತನಕ ಎಣಿಸಲು ಕಲಿಸುತ್ತೇನೆ.