ಅಮ್ಮ ಮಣೆ ಮೇಲೆ ಕೂತರೂ ಸಾಕು, ನನಗೆ ಅಲಾರಂ!

ತೀರ್ಥಹಳ್ಳಿಯವ:
ಅಮ್ಮನಿಗೆ 76. ತೋಟದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಬೆಂಗಳೂರಿಗೆ ಬಾ ಅಂದರೆ ಹಸು ಬಿಟ್ಟು ಬರಲ್ಲ. ಹೋದ ಮಳೆಗಾಲ ಬಚ್ಚಲಲ್ಲಿ ಜಾರಿ ಬಿದ್ದಳು. ಆಮೇಲೆ ಬಿದ್ದರೆ ಗೊತ್ತಾಗುವ ಸೆನ್ಸರ್ ಸೊಂಟಕ್ಕೆ, ಬಡಿತ ನೋಡುವ ಪಟ್ಟಿ ಎದೆಗೆ ಹಾಕಿಸಿದೆ. ಎರಡೂ ಬ್ಲೂಟೂತ್‌ನಲ್ಲಿ ಜಗಲಿಯಲ್ಲಿಟ್ಟ ಹಳೆ ಮೊಬೈಲಿಗೆ, ಅಲ್ಲಿಂದ ವೈಫೈಯಲ್ಲಿ ನನಗೆ.

ಈಗ ಅವಳು ಮಣೆ ಮೇಲೆ ದೊಪ್ಪನೆ ಕೂತರೂ "ಬಿದ್ದಿದ್ದಾರೆ" ಅಂತ ಬರುತ್ತೆ. ಗೋಡೆ ಕಡೆ ತಿರುಗಿ ಮಲಗಿದರೆ ಪಟ್ಟಿಯ ಸಂಪರ್ಕವೇ ಕಟ್. ಮೊನ್ನೆಯಂತೂ ರಾತ್ರಿಯಿಡೀ ಬಡಿತ 72 ಅಂತಲೇ ತೋರಿಸ್ತು. ನಾನು ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಫೋನ್ ಮಾಡಿದರೆ, "ರಾತ್ರಿ ಒಂಬತ್ತಕ್ಕೇ ಕರೆಂಟ್ ಹೋಯ್ತಲ್ಲೋ" ಅಂದಳು. ಏನು ಮಾಡಲಿ?

ಬೋರ್ಡ್ ಬೆಸುಗೆ, ಮೈಸೂರು:
ಗೋಡೆ ಕಡೆ ತಿರುಗಿದಾಗ ಕಟ್ ಆಗೋದು ಸಹಜ. ಬ್ಲೂಟೂತ್ 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತೆ. ನಮ್ಮ ಮೈ ಬಹುಪಾಲು ನೀರು, ಆ ಅಲೆಯನ್ನು ಹೀರಿಬಿಡುತ್ತೆ. ಪಟ್ಟಿಗೂ ಮೊಬೈಲಿಗೂ ನಡುವೆ ಅಮ್ಮನವರೇ ಅಡ್ಡ ಬಂದ ಹಾಗೆ. ರಾತ್ರಿ ಮೊಬೈಲನ್ನು ಅವರ ಮುಖದ ಕಡೆಯ ಗೋಡೆಗೆ ತಗುಲಿಹಾಕಿ. ಮೈಮೇಲಿನ ಸೆನ್ಸರ್‌ಗಳಿಗೆಂದೇ 2012ರಲ್ಲಿ 802.15.6 ಅನ್ನೋ ಮಾನದಂಡ ಬಂತು, ಮೈಯನ್ನೇ ತಂತಿಯ ಹಾಗೆ ಬಳಸುವ ದಾರಿಯೂ ಅದರಲ್ಲಿದೆ. ಆದರೆ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಬ್ಲೂಟೂತೇ.

ಮಣೆ ವಿಷಯ: ನಿಜವಾಗಿ ಬೀಳುವಾಗ ಮೊದಲು ಒಂದು ಕ್ಷಣ ಮೈ ತೂಕವಿಲ್ಲದ ಹಾಗಾಗುತ್ತೆ, ಆಮೇಲೆ ಧಡ್ ಅಂತ ಪೆಟ್ಟು, ಆಮೇಲೆ ಮೈ ಅಡ್ಡ ಆಗಿ ಅಲುಗಾಡದೆ ಇರೋದು. ನಿಮ್ಮದು ಬರೀ ಪೆಟ್ಟು ನೋಡ್ತಾ ಇರಬೇಕು. ಸೆಟ್ಟಿಂಗ್ಸಲ್ಲಿ ಪೆಟ್ಟಿನ ನಂತರ ಕಾಯುವ ಸಮಯ ಇದೆಯಾ ನೋಡಿ. 30 ಸೆಕೆಂಡ್ ಇಡಿ. ಅಷ್ಟರಲ್ಲಿ ಅವರು ಎದ್ದರೆ ಅಲಾರಂ ಬರಬಾರದು.

ಅತ್ತೆ ಜೊತೆ, ಧಾರವಾಡ:
ನನಗೆ ಹೆದರಿಕೆ ಆಗಿದ್ದು ಆ 72 ಓದಿ. ಸುಳ್ಳು ಅಲಾರಂ ಬಂದರೆ ಒಂದು ಫೋನ್ ದಂಡ, ಅಷ್ಟೇ. ಕರೆಂಟ್ ಹೋಗಿ ವೈಫೈ ಕಟ್ ಆದಾಗ ನಿಂತುಹೋದ ಅಂಕಿ ನಿಮ್ಮನ್ನ ಮಲಗಿಸಿತು ಅಲ್ವಾ? ಅಂಕಿ ಪಕ್ಕ ಅದು ಯಾವ ಹೊತ್ತಿನದು ಅಂತ ಕಾಣಬೇಕು. ಹತ್ತು ನಿಮಿಷ ಏನೂ ಬರದಿದ್ದರೆ ಅದಕ್ಕೂ ಅಲಾರಂ ಬೇಕು. ರೂಟರಿಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ಇನ್ನೊಂದು, ನಮ್ಮ ಅತ್ತೆ ಸ್ನಾನಕ್ಕೆ ಹೋಗುವಾಗ ಸೆನ್ಸರ್ ಬಿಚ್ಚಿ ಗೂಟಕ್ಕೆ ಹಾಕ್ತಾರೆ. ನಿಮ್ಮಮ್ಮ ಬಿದ್ದಿದ್ದೂ ಬಚ್ಚಲಲ್ಲೇ, ಒಮ್ಮೆ ಕೇಳಿ.

ತೀರ್ಥಹಳ್ಳಿಯವ:
ಕೇಳಿದೆ. "ಒದ್ದೆ ಆದರೆ ಹಾಳಾಗಲ್ವಾ, ಎಷ್ಟು ದುಡ್ಡು ಕೊಟ್ಟಿದ್ದೀಯ" ಅಂದಳು. ಮೂರು ತಿಂಗಳಿಂದ ಸ್ನಾನದ ಹೊತ್ತಲ್ಲೆಲ್ಲ ಅದು ಬಚ್ಚಲ ಹೊರಗಿನ ಗೂಟದಲ್ಲೇ ನೇತಾಡ್ತಾ ಇತ್ತಂತೆ! ಒದ್ದೆ ಆದರೂ ತಡೆಯುವಂಥದ್ದು ಅಂತ ಹೇಳಿ ಆಣೆ ಇಟ್ಟಿದ್ದೇನೆ. ಶನಿವಾರ ಯುಪಿಎಸ್ ತಗೊಂಡು ಊರಿಗೆ ಹೊರಟೆ.