46ರಲ್ಲಿ ಜಿಯು-ಜಿತ್ಸು: ಬೆರಳು, ಕುತ್ತಿಗೆ, ಮಂಡಿ ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 46. ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜಿಯು-ಜಿತ್ಸು (ನೆಲದ ಮೇಲೆ ಹಿಡಿದು ಮಣಿಸುವ, ಕುಸ್ತಿಯಂಥ ಕಲೆ) ಕಲಿಯುತ್ತಿದ್ದೇನೆ, ಬ್ಲೂ ಬೆಲ್ಟ್ (ಬಿಳಿ ಬೆಲ್ಟ್ ನಂತರದ ದರ್ಜೆ). ವಾರಕ್ಕೆ ಐದು ದಿನ ಕ್ಲಾಸು. ಬೆಳಗ್ಗೆ ಎದ್ದರೆ ಬೆರಳು ಮಡಚೋಕಾಗಲ್ಲ, ಕುತ್ತಿಗೆ ಹಿಡಿದುಕೊಂಡಿರುತ್ತದೆ. ‘ಈ ವಯಸ್ಸಿಗೆ ಇದೆಲ್ಲ ಬೇಕಾ’ ಅಂತ ಮನೆಯಲ್ಲಿ ಕೇಳುತ್ತಾರೆ. ನನಗೆ ಬಿಡೋಕೆ ಮನಸ್ಸಿಲ್ಲ. ನೀವು ಫಿಸಿಯೋಥೆರಪಿಸ್ಟ್, ಮ್ಯಾಟ್ ಮೇಲೂ ಇರುವವರು. ಏನು ಮಾಡಲಿ?

ಉತ್ತರ: ಖಂಡಿತ ಬಿಡಬೇಡಿ ಸರ್. ಈ ಕಲೆಯನ್ನು ಬೆಳೆಸಿದ ಎಲಿಯೋ ಗ್ರೇಸಿ 2009ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಮ್ಯಾಟ್‌ಗೆ ಇಳಿಯುತ್ತಿದ್ದರು.

ಆದರೆ ಐದು ದಿನ ಜಾಸ್ತಿ ಆಯ್ತು. ಮೂರಕ್ಕೆ ಇಳಿಸಿ, ಅದರಲ್ಲಿ ಒಂದು ದಿನ ಬರೀ ಡ್ರಿಲ್, ಅಂದರೆ ಕಾದಾಟವಿಲ್ಲದೆ ಪಟ್ಟುಗಳ ಅಭ್ಯಾಸ. ಉಳಿದ ಎರಡು ದಿನ ಜಿಮ್‌ನಲ್ಲಿ ತೂಕ ಎತ್ತಿ. ಸ್ನಾಯುಗಳಿಗೆ ಬಲ ಬೇಗ ಬರುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳಿಗೆ ತಿಂಗಳುಗಟ್ಟಲೆ ಬೇಕು.

ಬೆರಳಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಸ್ಪೈಡರ್ ಗಾರ್ಡ್ ಆಡುತ್ತೀರಾ? (ಗಾರ್ಡ್ ಅಂದರೆ ಕೆಳಗಿದ್ದು ಕಾಲುಗಳಿಂದ ಎದುರಿನವರನ್ನು ತಡೆಯುವ ಭಂಗಿ.) ಅಲ್ಲಿ ಎದುರಿನವರ ಗಿ (ಆಟದ ದಪ್ಪ ಅಂಗಿ) ತೋಳನ್ನು ನಾಲ್ಕೇ ಬೆರಳಲ್ಲಿ ಹಿಡಿದಿರುತ್ತೀರಿ. ಎದುರಿನವರು ಕೈ ಕಿತ್ತುಕೊಂಡರೆ ಬಟ್ಟೆ ಬೆರಳಿಗೆ ಸುತ್ತಿಕೊಂಡು, ಎಳೆತವೆಲ್ಲ ನಡುಗೆಣ್ಣಿನ ಮೇಲೆ ಬೀಳುತ್ತದೆ. ಅವರು ಕೀಳುವ ಮೊದಲೇ ನೀವೇ ಬಿಟ್ಟುಬಿಡಿ, ಮತ್ತೆ ಹಿಡಿಯಿರಿ. ಟೇಪ್ ಸುತ್ತಿದರೆ ಆಸರೆ ಸಿಗುತ್ತದೆ, ಅಷ್ಟೇ. ನಿಮ್ಮ ಜಾಗದಲ್ಲಿ ನಾನಿದ್ದರೆ ಹಾಫ್ ಗಾರ್ಡ್ (ಅವರ ಒಂದು ಕಾಲನ್ನು ಮಾತ್ರ ಸಿಕ್ಕಿಸುವುದು), ಅಂಡರ್‌ಹುಕ್ (ಕಂಕುಳ ಕೆಳಗೆ ತೋಳು ತೂರಿಸಿ ಹಿಡಿಯುವುದು) ಕಡೆಗೆ ಹೋಗುತ್ತಿದ್ದೆ. ಬೆರಳಿನ ಕೆಲಸವನ್ನು ಇಡೀ ತೋಳು ಮಾಡುತ್ತದೆ.

ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ ಎರಡೂ ಕೈಯಲ್ಲಿ ಇದ್ದರೆ, ಸಂಧಿವಾತವಾ ಅಂತ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ. ಎಲ್ಲವನ್ನೂ ಜಿಯು-ಜಿತ್ಸು ತಲೆಗೆ ಕಟ್ಟಬೇಡಿ.

ಕುತ್ತಿಗೆಗೆ ಒಂದೇ ಮಾತು. ಎದುರಿನವರು ನಿಮ್ಮನ್ನು ಮಡಚಿ ಸ್ಟ್ಯಾಕ್ ಮಾಡಿದಾಗ, ಅಂದರೆ ಕಾಲನ್ನು ತಲೆಯ ಕಡೆಗೆ ಒತ್ತಿದಾಗ, ಹಠ ಹಿಡಿಯಬೇಡಿ. ಗಾರ್ಡ್ ಬಿಚ್ಚಿ, ಪಕ್ಕಕ್ಕೆ ಹೊರಳಿ.

ಮರುಪ್ರಶ್ನೆ: ಇಪ್ಪತ್ತೆರಡರ ಹುಡುಗರು ಮೈಮೇಲೆ ಬಿದ್ದು ಬರುತ್ತಾರೆ. ಅವರ ಜೊತೆ ರೋಲ್ (ಅಭ್ಯಾಸದ ಕಾದಾಟ) ಬೇಡ ಅಂದರೆ ತಪ್ಪು ತಿಳಿಯುತ್ತಾರಾ?

ಉತ್ತರ: ಧಾರಾಳವಾಗಿ ಬೇಡ ಅನ್ನಿ. ಟೂರ್ನಿಗಳಲ್ಲೇ ಮೂವತ್ತರಿಂದ ಮಾಸ್ಟರ್ ವಿಭಾಗ ಶುರುವಾಗುತ್ತದೆ. ವಯಸ್ಸಿಗೆ ತಕ್ಕ ಜೋಡಿ ಕೇಳೋದರಲ್ಲಿ ಸಂಕೋಚ ಯಾಕೆ? ಜೋರು ಮಾಡುವವರನ್ನು ಬಿಟ್ಟು, ನಿಮ್ಮ ಟ್ಯಾಪ್‌ಗೆ (ಸಾಕು ಅಂತ ಕೈ ತಟ್ಟುವುದು) ತಕ್ಷಣ ನಿಲ್ಲಿಸುವವರ ಜೊತೆ ಆಡಿ. ಟ್ಯಾಪ್ ಬೇಗ ಮಾಡಿ. ಮೊಣಕೈಯನ್ನು ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್‌ನಲ್ಲಿ ಸಾಮಾನ್ಯವಾಗಿ ನೋವೇ ಮೊದಲು ಎಚ್ಚರಿಸುತ್ತದೆ. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್ ಹಾಗಲ್ಲ, ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಲಿಗಮೆಂಟ್ ಹರಿದಿರಬಹುದು. ಹಿಮ್ಮಡಿ ಸಿಕ್ಕಿಬಿತ್ತು ಅಂದರೆ ಸಾಕು, ಟ್ಯಾಪ್.

ಇನ್ನೊಬ್ಬ ಸದಸ್ಯರು: ನಾವು ಸಸ್ಯಾಹಾರಿಗಳು ಮೇಡಂ, ಪ್ರೋಟೀನ್ ಸಾಕಾಗುತ್ತಾ?

ಉತ್ತರ: ಲೆಕ್ಕ ಇಟ್ಟರೆ ಸಾಕಾಗುತ್ತದೆ. ದಿನಕ್ಕೆ ಮೈತೂಕದ ಕೆಜಿಗೆ 1.2ರಿಂದ 1.6 ಗ್ರಾಂ ನೋಡಿಕೊಳ್ಳಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ. ಅನ್ನ-ಸಾರು ಒಂದರಲ್ಲೇ ಅಷ್ಟು ಸಿಗಲ್ಲ. ಪನೀರ್, ಮೊಸರು, ಸೋಯಾ, ಕಡಲೆ ಉಸಲಿ ಸೇರಿಸಿ.

ಮೊದಲು ಕೇಳಿದ ಸರ್‌ಗೆ ಇನ್ನೊಂದು: ಕುತ್ತಿಗೆ ನೋವಿನ ಜೊತೆ ಕೈಗೆ ಜೋಮು ಇಳಿಯುತ್ತಿದ್ದರೆ, ಹಿಡಿತ ಸಡಿಲವಾಗುತ್ತಿದ್ದರೆ ರೋಲ್ ನಿಲ್ಲಿಸಿ, ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸಿ. ಹಾಗೇನಾದರೂ ಇದೆಯಾ? ಇಲ್ಲೇ ಬರೆಯಿರಿ.