ಬ್ಯಾಕ್ ಟು ದ ಫ್ಯೂಚರ್ ಗೇಮ್: ಶೂ ಸಿಕ್ಕ ಮ್ಯಾಲೆ ಮುಂದ ಹೋಗವಲ್ದು, ಸೇವ್‌ನೂ ಉಳಿಯವಲ್ದು

ಗುಮ್ಮಟ_ಗೇಮರ್ (ವಿಜಯಪುರ):
ಟೆಲ್‌ಟೇಲ್‌ನವರ ಐದು ಎಪಿಸೋಡಿನ ಗೇಮ್, ಪಿಸಿ ವರ್ಷನ್, ವಿಂಡೋಸ್ 11 ಲ್ಯಾಪ್‌ಟಾಪ್. ಮೊದಲನೇ ಎಪಿಸೋಡ್‌ನಾಗ ಕಾಲದಾಗ ಹಿಂದ ಮುಂದ ಓಡಾಡೋ ಡೆಲೋರಿಯನ್ ಕಾರಿನಾಗ ಟೇಪ್ ರೆಕಾರ್ಡರ್ ಸಿಕ್ಕೈತಿ, ಹೆಂಗಸರ ಶೂ ಒಂದು ಸಿಕ್ಕೈತಿ. ಆ ಕಾರ್ ಮಾಡಿದ ವಿಜ್ಞಾನಿ ಡಾಕ್ ಯಾವ ಇಸವಿಗೆ ಹೋಗ್ಯಾನ ಅಂತ ಗೊತ್ತಾಗೋ ದಾರಿನ ಕಾಣವಲ್ದು, ಊರಾಗ ಎಲ್ಲಾರ್ನೂ ಮಾತಾಡ್ಸಿದ್ದಾತು. ಎರಡನೇದು, ಗೇಮ್ ಮುಚ್ಚಿ ಮತ್ತ ತಗದ್ರ ಮೊದಲಿಂದ ಶುರು ಆಗ್ತೈತಿ. ಪೂರ್ತಿ ಉತ್ತರ ಬ್ಯಾಡ್ರಿ, ದಾರಿ ತೋರಿಸಿದ್ರ ಸಾಕು.

ಖಡೇಬಜಾರ್_88 (ಬೆಳಗಾವಿ):
ಮೊದಲು ಸೇವ್ ನೋಡ್ರಿ, ಇಲ್ಲಾಂದ್ರ ಒಗಟು ಬಿಡಿಸಿದ್ದೆಲ್ಲಾ ನೀರಾಗ ಹೋಮ.

ಈ ಗೇಮ್ ಸೇವ್ ಇಡೋದು ಡಾಕ್ಯುಮೆಂಟ್ಸ್ ಒಳಗ, ಟೆಲ್‌ಟೇಲ್ ಗೇಮ್ಸ್ ಅನ್ನೋ ಫೋಲ್ಡರ್‌ನಾಗ. ವಿಂಡೋಸ್‌ನಾಗ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಇದ್ರ, ಗುರುತಿಲ್ಲದ ಹಳೇ ಗೇಮಿಗೆ ಡಾಕ್ಯುಮೆಂಟ್ಸ್‌ನಾಗ ಬರಿಯಾಕ ಬಿಡಂಗಿಲ್ಲ. ಗೇಮ್ ಬಾಯಿ ಬಿಟ್ಟು ಏನೂ ಹೇಳಂಗಿಲ್ಲ, ಸೇವ್ ಮಾತ್ರ ಆಗಿರಂಗಿಲ್ಲ. ವಿಂಡೋಸ್ ಸೆಕ್ಯೂರಿಟಿ ತಗೀರಿ, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರ ಕೆಳಗ ರಾನ್ಸಮ್‌ವೇರ್ ಪ್ರೊಟೆಕ್ಷನ್, ಅಲ್ಲಿ 'ಅಲೋ ಆನ್ ಆ್ಯಪ್' ಒತ್ತಿ ಗೇಮಿನ ಇಎಕ್ಸ್‌ಇ ಫೈಲ್ (ಗೇಮ್ ಓಡಿಸೋ ಫೈಲ್) ಸೇರಿಸ್ರಿ. ಪೂರ್ತಿ ಆಫ್ ಮಾಡೋ ಜರೂರ ಇಲ್ಲ.

ಡಾಕ್ಯುಮೆಂಟ್ಸ್ ಒನ್‌ಡ್ರೈವ್‌ಗೆ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹಕ್ಕ) ಹೋಗಿದ್ರ ಇನ್ನೊಂದು ತಕರಾರು: ಫೈಲ್ ಬರೇ ಆನ್‌ಲೈನ್‌ನಾಗ ಉಳದು, ನೆಟ್ ಇಲ್ಲದಾಗ ಗೇಮಿಗೆ ಸಿಗಂಗಿಲ್ಲ. ಫೋಲ್ಡರ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಆರಿಸ್ರಿ. ಆಮ್ಯಾಲೆ ಒಂದು ಸೀನ್ ದಾಟಿ ಹೊರಗ ಬಂದು, ಆ ಫೋಲ್ಡರ್‌ನಾಗಿನ ಫೈಲಿನ ಟೈಮ್ ಬದಲಾಗೈತೋ ಇಲ್ಲೋ ನೋಡ್ರಿ. ಅಷ್ಟ ಪರೀಕ್ಷೆ ಸಾಕು.

ಇಳಕಲ್_ಪಿಕ್ಸೆಲ್ (ಬಾಗಲಕೋಟೆ ಜಿಲ್ಲಾ):
ಶೂ ವಿಷಯಕ್ಕ ಬರ್ತೀನ್ರಿ. ಮನುಷ್ಯಾರ್ನ ಕೇಳಿದ್ರಿ, ನಾಯಿ ಕೇಳಿಲ್ಲ. ಕಾರಿನ ಜೊತಿ ಡಾಕ್‌ನ ನಾಯಿ ಐನ್‌ಸ್ಟೈನ್ ಯಾಕ ಬಂದೈತಿ ಅನ್ಕೊಂಡ್ರಿ? ಶೂ ಅದಕ್ಕ ಮೂಸಿಸ್ರಿ, ಅದು ಹೋದ ದಾರಿ ಹಿಡೀರಿ. ಅಲ್ಲಿ ಒಬ್ಬಾಕಿ ಮುದುಕಿ ಅದಾಳ, ಆಕಿ ಮನ್ಯಾಗ ಹಳೇ ಪೇಪರ್ ಭಾಳ ಅದಾವ. ಇಸವಿ ಅಲ್ಲೇ ಐತಿ, ಇಷ್ಟರ ಮ್ಯಾಲೆ ಹೇಳಂಗಿಲ್ಲ.

ಮುಂದ 1931ಕ್ಕ ಹೋದ ಮ್ಯಾಲೆ ಒಂದು ಸಂಗತಿ ತಿಳದಿರ್ಲಿ, ಇಲ್ಲಾಂದ್ರ ಅರ್ಧ ಒಗಟಿಗೆ ಅರ್ಥಾನ ಆಗಂಗಿಲ್ಲ. ಅಮೆರಿಕಾದಾಗ 1920ರಿಂದ 1933ರ ತನಕ ದೇಶಕ್ಕೆಲ್ಲಾ ಪಾನನಿಷೇಧ. ಅದಕ್ಕ ತರುಣ ಎಮೆಟ್‌ನ (ಹರೇದಾಗಿನ ಡಾಕ್‌ನ) ರಾಕೆಟ್ ಡ್ರಿಲ್ಲಿಗೆ ಬೇಕಾದ ಆಲ್ಕೋಹಾಲ್ ಅಂಗಡ್ಯಾಗ ಸಿಗಂಗಿಲ್ಲ, ಕಳ್ಳ ದಾರು ಮಾರೋ ಟ್ಯಾನನ್ ಗ್ಯಾಂಗಿನ ಕಡೆನ ಹೊಂಚಬೇಕು.

ಡ್ರಿಲ್ ಚಾಲೂ ಮಾಡೋ ಸೀನ್‌ನಾಗ ಭಾಳ ಮಂದಿ ಸಿಕ್ಕೊಳ್ತಾರ. ಎಮೆಟ್ ಅವರಪ್ಪ ಜಡ್ಜ್ ಸಾಹೇಬರ ಜೊತಿ ವಾದಕ್ಕ ಬಿದ್ದಿರ್ತಾನ. ಆ ಮಾತು ಅಪ್ಪಗ ಅಲ್ಲ, ನಿಮಗ. ಯಾವುದನ್ನ ಯಾವಾಗ ಒತ್ತಬೇಕು ಅನ್ನೋ ಸೂಚನೆ ಆ ವಾದದೊಳಗ ಅಡಗೈತಿ. ಸಬ್‌ಟೈಟಲ್ ಆನ್ ಇಡ್ರಿ, ಮಾತು ಮುಗಿಯೋ ತನಕ ಮೌಸ್ ಮುಟ್ಟಬ್ಯಾಡ್ರಿ.

ಖಡೇಬಜಾರ್_88:
ಸಬ್‌ಟೈಟಲ್ ಮಾತು ಖರೆ. ಸುಳಿವು ಬೇಕಾದ್ರ ಗೇಮಿನೊಳಗಿನ ಹಿಂಟ್ ವ್ಯವಸ್ಥೆನ ಛಲೋ ಐತಿ: ಮೊದಲನೇ ಸುಳಿವು ತೆಳು, ಮತ್ತ ಕೇಳಿದ್ರ ಸ್ವಲ್ಪ ದಪ್ಪ, ಕಡೀಕ ಉತ್ತರಾನ.

ಇಳಕಲ್_ಪಿಕ್ಸೆಲ್:
ನನಗ ಅದು ಒಪ್ಪಂಗಿಲ್ರಿ. ಈ ಗೇಮ್ ಮೊದಲ ಸಲೀಸು, ಪಾತ್ರ ಸಾಯಂಗಿಲ್ಲ, ವಸ್ತು ಕಳಕೊಂಡು ಕಾಯಂ ಸಿಕ್ಕೊಳ್ಳೋ ಭಯಾನೂ ಇಲ್ಲ. ಕಿಸೆದಾಗಿನ ಪ್ರತಿ ವಸ್ತು ಎದುರಿಗಿದ್ದ ಪ್ರತಿಯೊಬ್ಬರ ಮ್ಯಾಲೆ ಹಚ್ಚಿ ನೋಡಿದ್ರೂ ಹತ್ತು ನಿಮಿಷದ ಕೆಲಸ. ಹಿಂಟ್ ಒತ್ತಿದ್ರ ಉಳಿಯೋದು ಬರೇ ಡೈಲಾಗ್. ಡಾಕ್‌ನ ದನಿ ಸಿನಿಮಾದ ಕ್ರಿಸ್ಟೋಫರ್ ಲಾಯ್ಡ್‌ದೇ, ಅದು ಬ್ಯಾರೆ ಮಾತು. ನಾವು ಆಡೋ ಪಾತ್ರ ಮಾರ್ಟಿಗೆ ದನಿ ಕೊಟ್ಟಾವ ಎ.ಜೆ. ಲೊಕಾಸಿಯೊ, ಸಿನಿಮಾದಾಗ ಮಾರ್ಟಿ ಆಗಿದ್ದ ಮೈಕೆಲ್ ಜೆ. ಫಾಕ್ಸ್ ಅಲ್ಲಂದ್ರ ನಂಬಿಕಿ ಬರಂಗಿಲ್ಲ.

ಮೂರನೇ ಎಪಿಸೋಡಿಗೆ ಒಂದು ಮಾತು ಈಗ ಹೇಳಿಡ್ತೀನಿ: ಅಲ್ಲಿ ಊರ ತುಂಬ ಕಟ್ಟುನಿಟ್ಟು, ನಿಯಮ ಮುರಿದ್ರ ಡಿಮೆರಿಟ್ (ತಪ್ಪಿನ ಗುರುತು) ಬೀಳ್ತೈತಿ. ಡಿಮೆರಿಟ್ ತಪ್ಪಿಸ್ಕೊಳ್ಳಾಕ ಹೋಗಬ್ಯಾಡ್ರಿ, ಬೇಕಂತ ಗಳಿಸ್ರಿ.

ಡೋಣಿ_ದಂಡಿ (ವಿಜಯಪುರ):
ಗೇಮ್ ತಗದ ಕೂಡ್ಲೆ ಡಿ3ಡಿಎಕ್ಸ್9 ಅಂತ ಶುರುವಾಗೋ ಡಿಎಲ್‌ಎಲ್ ಫೈಲ್ ಇಲ್ಲ ಅಂತ ಎರರ್ ಬರೋರಿಗೆ: ವಿಂಡೋಸ್ 11ನಾಗ ಗೇಮಿನ ಚಿತ್ರ ಮೂಡಿಸೋ ಡೈರೆಕ್ಟ್‌ಎಕ್ಸ್ 12 ಇದ್ರೂ ಆ ಹಳೇ ಫೈಲ್ ತಾನ ಬಂದಿರಂಗಿಲ್ಲ. ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಎಂಡ್ ಯೂಸರ್ ರನ್‌ಟೈಮ್, ಜೂನ್ 2010ರದ್ದು, ಹಾಕ್ರಿ. ಕಂಡ ಕಂಡ ಸೈಟಿನಿಂದ ಒಂದೊಂದ ಡಿಎಲ್‌ಎಲ್ ಇಳಿಸಬ್ಯಾಡ್ರಿ. ಆ ಇನ್‌ಸ್ಟಾಲರ್ ಮೊದಲು ಫೈಲ್ ಬಿಚ್ಚಾಕ ಒಂದು ಫೋಲ್ಡರ್ ಕೇಳ್ತೈತಿ, ಖಾಲಿ ಫೋಲ್ಡರ್ ಕೊಟ್ಟು, ಅದರೊಳಗಿನ ಡಿಎಕ್ಸ್‌ಸೆಟಪ್ ಓಡಿಸ್ರಿ. ಬಿಚ್ಚಿದ್ದನ್ನ ಇನ್‌ಸ್ಟಾಲ್ ಆತು ಅಂತ ತಿಳದು ಮಂದಿ ಅಲ್ಲೇ ನಿಂದರ್ತಾರ.

ಡಿಸ್ಕ್ ಹುಡುಕೋರು ಕವರ್ ನೋಡಿ ತಗೋರಿ. ಪಿಎಸ್3 ಡಿಸ್ಕ್ ಪಿಎಸ್4ನಾಗ ಓಡಂಗಿಲ್ಲ. ಪಿಎಸ್4ಗೆ ಬಂದಿದ್ದು 2015ರ 30ನೇ ವರ್ಷದ ಆವೃತ್ತಿ, ಅದ್ರಾಗ ಖಳನಾಯಕ ಬಿಫ್‌ಗೆ ಸಿನಿಮಾದ ಟಾಮ್ ವಿಲ್ಸನ್ ದನಿನೂ ಐತಿ.

ಗುಮ್ಮಟ_ಗೇಮರ್:
ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಇತ್ತು, ಇಎಕ್ಸ್‌ಇ ಸೇರಿಸಿದೆ, ಈಗ ಫೈಲಿನ ಟೈಮ್ ಬದಲಾಗಾಕತ್ತೈತಿ. ನಾಯಿ ಓಡಾಕತ್ತೈತ್ರಿ.